ಬ್ಯಾಸ್ಕೆಟ್‌ಬಾಲ್ ನಂಬಿ ಬದುಕಬೇಕೆ? ಬಾಲ್ ಜೊತೆ ಒಂದು ಫೈಲೂ ಇಟ್ಟುಕೊಳ್ಳಿ

ಸಂಜೆ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಕೋರ್ಟಿನ ಗೇಟ್ ಹತ್ತಿರ ಅಪ್ಪ ಅಮ್ಮಂದಿರು ಬಂದು ನಿಂತಿರುತ್ತಾರೆ. ಹೊಸದಾಗಿ ಸೇರಿದ ಮಕ್ಕಳ ಮನೆಯವರು ಒಳ್ಳೆ ಶೂ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ಮಕ್ಕಳು ಎರಡು ಮೂರು ವರ್ಷ ಆಡಿದ ಮೇಲೆ ಪ್ರಶ್ನೆ ಬದಲಾಗುತ್ತದೆ. "ಸರ್, ಇದ್ರಲ್ಲಿ ಮುಂದೆ ಏನಾದ್ರೂ ಇದೆಯಾ?"

ಇದೆ. ಆದರೆ ಟಿವಿಯಲ್ಲಿ ಕಾಣುವ ರೀತಿಯಲ್ಲಿ ಅಲ್ಲ. ನಾನು ಕಾಲೇಜು, ಕ್ಲಬ್ ಮಟ್ಟದವರೆಗೆ ಆಡಿ, ಈಗ ಮಕ್ಕಳಿಗೆ ಕಲಿಸುತ್ತಿರುವವನು. ಗೇಟ್ ಹತ್ತಿರ ನಿಂತು ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು: ಸಂಬಳ ಯಾರು ಕೊಡುತ್ತಾರೆ ಅಂತ ತಿಳಿದುಕೊಳ್ಳಿ

ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 30 ತಂಡಗಳಿವೆ. ಒಂದೊಂದು ತಂಡಕ್ಕೆ 15 ಪೂರ್ಣ ಕಾಂಟ್ರಾಕ್ಟ್. ಅಂದರೆ ಇಡೀ ಪ್ರಪಂಚಕ್ಕೆ 450 ಜಾಗ. ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಪ್ರತಿ ವರ್ಷ ಹೊಸಬರಿಗೆ ಹೆಚ್ಚೆಂದರೆ 60 ಅವಕಾಶ. ಅದರಲ್ಲೂ ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೆ ಸಂಬಳದ ಖಾತ್ರಿ ಇರುತ್ತದೆ. ಎರಡನೇ ಸುತ್ತಿನವರಿಗೆ ಆ ಖಾತ್ರಿ ಇಲ್ಲ.

ಪಂಜಾಬಿನ ಬಲ್ಲೋಕೆ ಅನ್ನುವ ಹಳ್ಳಿಯ ಸತ್ನಾಮ್ ಸಿಂಗ್ ಭಮರಾ ಅವರ ಕಥೆ ನೋಡಿ. 7 ಅಡಿ 2 ಇಂಚು ಎತ್ತರ. ಲುಧಿಯಾನ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ 14ನೇ ವಯಸ್ಸಿಗೆ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋದರು. 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವರಾಗಿ ಆರಿಸಿಕೊಂಡಿತು. ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ನಮ್ಮ ಕೋರ್ಟುಗಳಲ್ಲೆಲ್ಲ ಅವತ್ತು ಹಬ್ಬ. ಆದರೆ 52 ಅಂದರೆ ಎರಡನೇ ಸುತ್ತು. ಅವರು ಕೆಳಗಿನ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಆಡಿದರು, ಆಮೇಲೆ ಕೆನಡಾದ ಲೀಗಿಗೆ ಹೋದರು. ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಆಡಲಾಗಲಿಲ್ಲ. ಇದು ಅವರ ಸೋಲು ಅಂತ ನಾನು ಹೇಳುತ್ತಿಲ್ಲ. ಆ ಬಾಗಿಲು ಎಷ್ಟು ಕಿರಿದು ಅಂತ ಗೊತ್ತಾಗಲಿ ಅಷ್ಟೇ.

ಭಾರತದಲ್ಲಿ? ಯುಬಿಎ ಅನ್ನುವ ಲೀಗ್ 2015ರಲ್ಲಿ ಶುರುವಾಗಿ 2017ಕ್ಕೆ ನಿಂತಿತು. 2022ರಲ್ಲಿ ಐಎನ್‌ಬಿಎಲ್ ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್ ತಂಡವೂ ಇತ್ತು. 2025ರಲ್ಲಿ ಅದೇ ಹೆಸರಿನಡಿ 25 ವರ್ಷದೊಳಗಿನವರ ಪ್ರೊ ಲೀಗ್ ದೆಹಲಿಯಲ್ಲಿ ನಡೆಯಿತು. ಲೀಗುಗಳು ಬರುತ್ತವೆ, ಹೋಗುತ್ತವೆ. ಬಂದಾಗ ಆಡಬೇಕು. ಆದರೆ ಅದನ್ನೇ ನಂಬಿ ಮನೆ ಬಾಡಿಗೆ ಕಟ್ಟಲಾಗದು.

ಹಾಗಾದರೆ ನಮ್ಮ ದೊಡ್ಡ ಆಟಗಾರರು ಬದುಕಿದ್ದು ಹೇಗೆ? ರೈಲ್ವೆ, ಓಎನ್‌ಜಿಸಿ, ಬ್ಯಾಂಕುಗಳು, ವಾಯುಪಡೆ, ಪೊಲೀಸ್. ಕ್ರೀಡಾ ಕೋಟಾದಲ್ಲಿ ಕೆಲಸ, ಆ ಸಂಸ್ಥೆಯ ತಂಡದಲ್ಲಿ ಆಟ, ತಿಂಗಳ ಸಂಬಳ. ನಮ್ಮಲ್ಲಿ ವೃತ್ತಿಪರ ಆಟಗಾರ ಅಂದರೆ ಬಹುಪಾಲು ಇದೇ. ಎನ್‌ಬಿಎ ಮಾತ್ರ ನಿಜವಾದ ವೃತ್ತಿ, ಉಳಿದದ್ದೆಲ್ಲ ಹೊಂದಾಣಿಕೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2014ರಲ್ಲಿ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಚೀನಾವನ್ನು ಅವರ ನೆಲದಲ್ಲೇ 65-58ರಿಂದ ಸೋಲಿಸಿದ ಭಾರತ ತಂಡ ಇಂಥ ಕೆಲಸಗಳ ಬಲದ ಮೇಲೆ ಬೆಳೆದದ್ದು.

13 ವರ್ಷದವರೆಗೆ: ಸುಮ್ನೆ ಆಡಲು ಬಿಡಿ

ಇಲ್ಲಿ ಹೇಳುವುದು ಜಾಸ್ತಿ ಇಲ್ಲ. ಚಿಕ್ಕ ಮಕ್ಕಳಿಗೆ 5ನೇ ಸೈಜಿನ ಬಾಲ್ ಕೊಡಿ. ದೊಡ್ಡವರ ರಿಂಗ್ 10 ಅಡಿ ಎತ್ತರ, ಮಕ್ಕಳಿಗೆ ಎಂಟೂವರೆ ಅಡಿ ಸಾಕು. ಒಂಬತ್ತು ವರ್ಷದ ಹುಡುಗ 7ನೇ ಸೈಜಿನ ಬಾಲನ್ನು 10 ಅಡಿ ಮೇಲಕ್ಕೆ ಎಸೆಯಲು ಸೊಂಟದಿಂದ ತಿರುಚಿ ಹಾಕುತ್ತಾನೆ. ಆ ಅಭ್ಯಾಸ ಬಿಡಿಸಲು ನನಗೆ ಆಮೇಲೆ ಎರಡು ವರ್ಷ ಬೇಕಾಗುತ್ತದೆ. ಎರಡೂ ಕೈಯಲ್ಲಿ ಡ್ರಿಬಲ್, ಎರಡೂ ಕಡೆಯಿಂದ ಲೇ-ಅಪ್ (ಓಡಿಬಂದು ರಿಂಗ್ ಹತ್ತಿರದಿಂದ ಬಾಲ್ ಹಾಕುವುದು). ಜೊತೆಗೆ ಈಜು, ಖೋ ಖೋ, ಏನಾದರೂ ಇರಲಿ. ಖೋ ಖೋ ಆಡಿದ ಮಕ್ಕಳ ಕಾಲು ಡಿಫೆನ್ಸಿನಲ್ಲಿ ಎಷ್ಟು ಚುರುಕು ಅಂತ ನೋಡಿಯೇ ನಂಬಬೇಕು.

13ರಿಂದ 16: ಕ್ಲಬ್, ಹಾಸ್ಟೆಲ್, ಮತ್ತು ಎತ್ತರದ ಮೋಸ

ಶಾಲೆಯ ಪಿಟಿ ಪೀರಿಯಡ್ ಮಾತ್ರ ಸಾಲದು. ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿ ನೋಂದಾಯಿಸಿದ ಕ್ಲಬ್ ಸೇರಬೇಕು. ಸಂಸ್ಥೆಯ ಕಚೇರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದೆ. ರಾಜ್ಯ ಟೂರ್ನಿಗಳಲ್ಲಿ ಕ್ಲಬ್ ಪರವಾಗಿ ಆಡಿದಾಗಲೇ ಆಯ್ಕೆಗಾರರ ಕಣ್ಣಿಗೆ ಬೀಳುವುದು. ಬೀಗಲ್ಸ್ ತರಹದ ಹಳೇ ಕ್ಲಬ್ಬುಗಳಲ್ಲಿ ಹಿರಿಯರ ಜೊತೆ ಆಡಿ ಕಲಿಯುವ ಅವಕಾಶ ಇರುತ್ತದೆ. ಅದು ಯಾವ ದುಬಾರಿ ಸಮ್ಮರ್ ಕ್ಯಾಂಪಿನಲ್ಲೂ ಸಿಗದು. ಬೆಂಗಳೂರಿನ ಆಚೆಯವರಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳು ದೊಡ್ಡ ದಾರಿ. ಊಟ, ವಸತಿ, ಶಾಲೆ, ಕೋಚ್ ಎಲ್ಲ ಅಲ್ಲೇ. ವರ್ಷಕ್ಕೊಮ್ಮೆ ಆಯ್ಕೆ ನಡೆಯುತ್ತದೆ. ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಗೆ ನೇರವಾಗಿ ಹೋಗಿ ದಿನಾಂಕ ವಿಚಾರಿಸಿ. ವಾಟ್ಸ್ಯಾಪ್ ಫಾರ್ವರ್ಡ್ ನಂಬಬೇಡಿ.

ಈ ವಯಸ್ಸಿನಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ನಮ್ಮ ಕಡೆ ಹದಿನಾಲ್ಕಕ್ಕೆ ಆರಡಿ ದಾಟಿದ ಹುಡುಗ ಸಿಕ್ಕರೆ ಕೋಚ್‌ಗೆ ಖುಷಿಯೋ ಖುಷಿ. ಅವನನ್ನು ರಿಂಗ್ ಕೆಳಗೆ ನಿಲ್ಲಿಸಿ, "ನೀನು ರಿಬೌಂಡ್ ಹಿಡಿ, ಬಾಲ್ ಗಾರ್ಡ್‌ಗೆ ಕೊಡು" ಅನ್ನುತ್ತಾರೆ. ಗಾರ್ಡ್ ಅಂದರೆ ರಿಂಗಿನಿಂದ ದೂರ ನಿಂತು ಬಾಲ್ ನಡೆಸುವವನು, ರಿಂಗ್ ಕೆಳಗೆ ಆಡುವವನು ಸೆಂಟರ್. ಶಾಲಾ ಮ್ಯಾಚುಗಳನ್ನೆಲ್ಲ ಗೆಲ್ಲುತ್ತಾರೆ. ನಾಲ್ಕು ವರ್ಷ ಹೀಗೇ ಕಳೆಯುತ್ತದೆ. ಹುಡುಗ 6 ಅಡಿ 2 ಇಂಚಿಗೆ ನಿಲ್ಲುತ್ತಾನೆ. ಈಗ ನೋಡಿ: ಎನ್‌ಬಿಎಯಲ್ಲಿ ಸರಾಸರಿ ಎತ್ತರವೇ 6 ಅಡಿ 6 ಇಂಚಿನ ಹತ್ತಿರ. ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್‌ಗೆ ಆಡಿದ ನಮ್ಮ ಸೆಂಟರ್ ಅಮೃತ್‌ಪಾಲ್ ಸಿಂಗ್ 6 ಅಡಿ 11 ಇಂಚು. ಅಂಥವರ ಎದುರು 6 ಅಡಿ 2 ಇಂಚಿನ ಸೆಂಟರ್ ಏನು ಮಾಡುತ್ತಾನೆ? ಆ ಎತ್ತರಕ್ಕೆ ಅವನು ಗಾರ್ಡ್ ಆಗಬೇಕಿತ್ತು. ಆದರೆ ಡ್ರಿಬಲ್ ಬರಲ್ಲ, ದೂರದಿಂದ ಶೂಟ್ ಮಾಡಿ ಗೊತ್ತಿಲ್ಲ. ಹೀಗೆ ನಿಂತುಹೋದ ಆರೇಳು ಹುಡುಗರ ಹೆಸರು ನನ್ನ ನೆನಪಿನಲ್ಲಿದೆ.

ಅದಕ್ಕೇ ಮಗ ಎಷ್ಟೇ ಉದ್ದ ಇರಲಿ, ಪ್ರಾಕ್ಟೀಸಿನ ಅರ್ಧ ಹೊತ್ತು ಗಾರ್ಡ್‌ಗಳ ಕೆಲಸ ಕಲಿಸಿ ಅಂತ ಕೋಚ್‌ಗೆ ಹೇಳಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫೀಬಾ ನಿಯಮದ ಮೂರು ಪಾಯಿಂಟ್ ಗೆರೆ 6.75 ಮೀಟರ್ ದೂರದಲ್ಲಿದೆ. 16 ದಾಟುವ ಹೊತ್ತಿಗೆ ಅಲ್ಲಿಂದ ಧೈರ್ಯವಾಗಿ ಶೂಟ್ ಮಾಡಲು ಬಂದರೆ, ಎತ್ತರ ಎಷ್ಟೇ ಇದ್ದರೂ ತಂಡದಲ್ಲಿ ಜಾಗ ಇರುತ್ತದೆ.

ಇನ್ನೊಂದು ಮಾತು. ವಯಸ್ಸು ಕಡಿಮೆ ತೋರಿಸಲು ಹೋಗಬೇಡಿ. "ಎಲ್ಲರೂ ಮಾಡ್ತಾರೆ" ಅನ್ನುವವರು ಸಿಗುತ್ತಾರೆ. ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮಗುವಿನ ಹೆಸರು ಕೆಡುತ್ತದೆ, ನಿಮ್ಮದಲ್ಲ.

ಈಗ ಫೈಲ್ ಮಾಡಿ

ಒಂದು ಗಟ್ಟಿ ಪ್ಲಾಸ್ಟಿಕ್ ಫೈಲ್ ತನ್ನಿ. ತಮಾಷೆ ಅಲ್ಲ. ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನೇ ಓದಿ.

ರೈಲ್ವೆಯ ಕ್ರೀಡಾ ಕೋಟಾ ನೇಮಕಕ್ಕೆ ಒಟ್ಟು 100 ಅಂಕ. ಕೋರ್ಟಿನ ಟ್ರಯಲ್‌ಗೆ 40. ಓದಿಗೆ 10. ಹಿಂದಿನ ಸಾಧನೆಗೆ, ಅಂದರೆ ನಿಮ್ಮ ಸರ್ಟಿಫಿಕೇಟುಗಳಿಗೆ, 50. ಟ್ರಯಲ್‌ಗಿಂತ ಕಾಗದಕ್ಕೇ ಅಂಕ ಜಾಸ್ತಿ! ಆ ಸಾಧನೆಯೂ ಹಳೆಯದಾಗಿರಬಾರದು. ನಡೆಯುತ್ತಿರುವ ಹಣಕಾಸು ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಯಸ್ಸು 18ರಿಂದ 25, ಇದರಲ್ಲಿ ಸಡಿಲಿಕೆ ಇಲ್ಲ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಯ ಅಧಿಸೂಚನೆಗಳನ್ನು ಆಗಾಗ ನೋಡುತ್ತಿರಿ, ಪ್ರತಿ ಸಲವೂ ಷರತ್ತುಗಳನ್ನು ಪೂರ್ತಿ ಓದಿ.

ಕೇಂದ್ರ ಸರ್ಕಾರದ ಕೆಲಸಗಳಿಗೆ ಟೂರ್ನಿಯಲ್ಲಿ ಕೊಟ್ಟ ಬಣ್ಣದ ಸರ್ಟಿಫಿಕೇಟ್ ಒಂದೇ ಸಾಲದು. ನಿಗದಿತ ನಮೂನೆಗಳಿವೆ. ದೇಶಕ್ಕೆ ಆಡಿದವರಿಗೆ ಫಾರ್ಮ್ 1, ರಾಜ್ಯಕ್ಕೆ ಆಡಿದವರಿಗೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಫಾರ್ಮ್ 4. ಒಂದೊಂದಕ್ಕೂ ಬೇರೆ ಬೇರೆ ಅಧಿಕಾರಿಯ ಸಹಿ. ಟೂರ್ನಿ ಮುಗಿದ ಅದೇ ತಿಂಗಳು ಸಹಿ ಮಾಡಿಸಿಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ಆ ಅಧಿಕಾರಿ ನಿವೃತ್ತರಾಗಿರುತ್ತಾರೆ, ರಿಜಿಸ್ಟರ್ ಯಾವ ಕಪಾಟಿನಲ್ಲಿದೆಯೋ ಯಾರಿಗೂ ಗೊತ್ತಿರಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ 23ನೇ ವಯಸ್ಸಿನಲ್ಲಿ ಒಂದು ಸಂಸ್ಥೆಯ ಟ್ರಯಲ್‌ನಲ್ಲಿ ನಾನು ಚೆನ್ನಾಗಿ ಆಡಿದ್ದೆ. ದಾಖಲೆ ಪರಿಶೀಲನೆಯ ದಿನ ಟೇಬಲ್ ಹಿಂದಿದ್ದವರು ಎರಡು ಕಾಗದ ಪಕ್ಕ ಪಕ್ಕ ಇಟ್ಟು ನೋಡಿದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ, ಕ್ರೀಡಾ ಸರ್ಟಿಫಿಕೇಟಿನಲ್ಲಿ ಮುಂದೆ, ಅದೂ ಒಂದು ಅಕ್ಷರ ಬೇರೆ. ಸರಿಪಡಿಸಿಕೊಂಡು ಬರಲು ನಾಲ್ಕು ದಿನ ಕೊಟ್ಟರು. ನಾಲ್ಕು ದಿನದಲ್ಲಿ ಯಾವ ಕಚೇರಿ ಏನು ಮಾಡಿಕೊಡುತ್ತೆ? ಅಲ್ಲಿಗೆ ಮುಗಿಯಿತು. ಅವತ್ತು ನನ್ನ ಶೂಟಿಂಗ್ ತಪ್ಪಿದ್ದರೆ ಇಷ್ಟು ಬೇಸರ ಆಗುತ್ತಿರಲಿಲ್ಲ.

ಜನನ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ, ಕ್ರೀಡಾ ಸರ್ಟಿಫಿಕೇಟ್, ಪಾಸ್‌ಪೋರ್ಟ್. ಐದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಮ್ಯಾಚಿನ ಸ್ಕೋರ್ ಶೀಟ್ ಫೋಟೊ, ಪತ್ರಿಕೆಯಲ್ಲಿ ಬಂದ ತಂಡದ ಪಟ್ಟಿ, ಇವೂ ಫೈಲಿನಲ್ಲಿರಲಿ. ಸಿಇಟಿಯ ಕ್ರೀಡಾ ಕೋಟಾ ಸೀಟಿಗೂ ಇದೇ ಫೈಲ್ ಕೆಲಸಕ್ಕೆ ಬರುತ್ತದೆ.

ಪಿಯು ಹೊತ್ತಿಗೆ ದಾರಿ ಕವಲೊಡೆಯುತ್ತದೆ

ಒಂದನೆಯದು ಇಲ್ಲೇ ಡಿಗ್ರಿ. ಕ್ರೀಡಾಪಟುಗಳಿಗೆ ಶುಲ್ಕ ಬಿಡುವ ಕಾಲೇಜು ಹುಡುಕಿ, ವಿಶ್ವವಿದ್ಯಾಲಯ ತಂಡಕ್ಕೆ ಆಡಿ, 18 ವರ್ಷದೊಳಗಿನವರ ಜೂನಿಯರ್ ನ್ಯಾಷನಲ್ಸ್ ಮತ್ತು ಆಮೇಲೆ ಸೀನಿಯರ್ ನ್ಯಾಷನಲ್ಸ್‌ಗೆ ರಾಜ್ಯ ತಂಡ ಸೇರಿ, ಅಲ್ಲಿಂದ ಕೆಲಸ. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಎರಡನೆಯದು ಅಮೆರಿಕದ ಕಾಲೇಜು. ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿದರು. ಇದು ಕನಸಿನ ಮಾತಲ್ಲ ಅನ್ನುವುದಕ್ಕೆ ಅವರೇ ಸಾಕ್ಷಿ. ಆದರೆ ಇದಕ್ಕೆ ತಯಾರಿ ಪಿಯು ಮುಗಿದ ಮೇಲೆ ಶುರು ಮಾಡಿದರೆ ತಡವಾಯಿತು. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ನೋಡುವುದು 9ನೇ ತರಗತಿಯಿಂದ ಮುಂದಿನ ಅಂಕಗಳನ್ನು. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಹೀಗೆ 16 ಮುಖ್ಯ ಕೋರ್ಸುಗಳ ಲೆಕ್ಕ ಕೇಳುತ್ತಾರೆ. 9ನೇ ಕ್ಲಾಸಿನಲ್ಲಿ "ಟೂರ್ನಮೆಂಟ್ ಇದೆ ಬಿಡಿ" ಅಂತ ಬಿಟ್ಟ ಗಣಿತ ಆಮೇಲೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಕೋಚ್‌ಗಳಿಗೆ ಮೇಲ್ ಮಾಡುವಾಗ ಬರೀ ಡಂಕ್, ಬ್ಲಾಕ್ ಇರುವ ಎರಡು ನಿಮಿಷದ ವಿಡಿಯೊ ಸಾಲದು, ಒಂದು ಪೂರ್ತಿ ಮ್ಯಾಚ್ ಕಳಿಸಿ. ಬಾಲ್ ಕೈಯಲ್ಲಿಲ್ಲದಾಗ ನೀವು ಏನು ಮಾಡುತ್ತೀರಿ ಅನ್ನುವುದೇ ಅವರಿಗೆ ಬೇಕು. "ಖಂಡಿತ ಸೀಟು ಕೊಡಿಸ್ತೀನಿ" ಅಂತ ಮುಂಗಡವಾಗಿ ಲಕ್ಷಗಟ್ಟಲೆ ಕೇಳುವವರಿಂದ ದೂರ ಇರಿ.

ಮೂರನೆಯದು ಓದು ಬಿಟ್ಟು ನೇರವಾಗಿ ಪ್ರೊ. ಪ್ರಿನ್ಸ್‌ಪಾಲ್ ಸಿಂಗ್ ಗ್ರೇಟರ್ ನೊಯ್ಡಾ ಭಾಗದಲ್ಲಿ 2017ರಲ್ಲಿ ಶುರುವಾದ ಎನ್‌ಬಿಎ ಅಕಾಡೆಮಿಯಿಂದ 2020ರಲ್ಲಿ ಅಮೆರಿಕದಲ್ಲಿ ಎನ್‌ಬಿಎಯ ಕೆಳಗಿನ ಲೀಗಾದ ಜಿ ಲೀಗಿನ ಇಗ್ನೈಟ್ ತಂಡಕ್ಕೆ ಹೋದರು. ಅಂಥ ಕರೆ ಬಂದರೆ ಹೋಗಬೇಕು. ಕರೆ ಬಾರದೆ ಓದು ಬಿಡಬೇಡಿ, ಅಷ್ಟೇ.

ಇದರ ಪಕ್ಕದಲ್ಲೇ ಒಂದು ಸಣ್ಣ ದಾರಿ ಇದೆ. 3x3 ಆಟ. ಅರ್ಧ ಕೋರ್ಟ್, ಮೂವರು, 10 ನಿಮಿಷ ಅಥವಾ 21 ಪಾಯಿಂಟ್. ಟೋಕಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಆಟವೂ ಹೌದು. ಫೀಬಾ 3x3 ತಾಣದಲ್ಲಿ ಯಾರು ಬೇಕಾದರೂ ಪ್ರೊಫೈಲ್ ಮಾಡಿಕೊಳ್ಳಬಹುದು, ಅಲ್ಲಿ ನೋಂದಾಯಿಸಿದ ಟೂರ್ನಿ ಆಡಿದರೆ ರ‍್ಯಾಂಕಿಂಗ್ ಪಾಯಿಂಟ್ ಬರುತ್ತದೆ. ಹನ್ನೆರಡು ಜನರ ತಂಡದಲ್ಲಿ ಬೆಂಚ್ ಕಾಯುವವರಿಗೆ ಒಳ್ಳೆಯ ಅವಕಾಶ.

ಟ್ರಯಲ್ ದಿನ

ಹತ್ತು ಹುಡುಗರನ್ನು ಕೋರ್ಟಿಗೆ ಇಳಿಸಿದರೆ ಹತ್ತೂ ಜನಕ್ಕೆ ಶೂಟ್ ಮಾಡುವ ಆಸೆ. ಆಯ್ಕೆಗಾರರು ಮೂರು ನಿಮಿಷ ನೋಡಿ ಬೇಸತ್ತಿರುತ್ತಾರೆ. ಆಗ ಒಬ್ಬ ಓಡಿಬಂದು ಸ್ಕ್ರೀನ್ ಹಾಕುತ್ತಾನೆ (ಜೊತೆಗಾರನಿಗೆ ದಾರಿ ಬಿಡಿಸಲು ಎದುರಾಳಿಗೆ ಅಡ್ಡ ನಿಲ್ಲುತ್ತಾನೆ), ಬಾಲ್ ಹೋದ ತಕ್ಷಣ ಡಿಫೆನ್ಸಿಗೆ ಮೊದಲು ತಿರುಗುತ್ತಾನೆ, ಗಟ್ಟಿಯಾಗಿ ಕೂಗಿ ಜೊತೆಯವರನ್ನು ನಿಲ್ಲಿಸುತ್ತಾನೆ. ಪೆನ್ನು ಅವನ ನಂಬರ್ ಬರೆದುಕೊಳ್ಳುತ್ತದೆ. ಒಂದು ಗಂಟೆ ಮೊದಲೇ ಹೋಗಿ. ತಿಳಿ ಬಣ್ಣದ್ದೊಂದು, ಗಾಢ ಬಣ್ಣದ್ದೊಂದು ಜೆರ್ಸಿ ಇರಲಿ. ಒಳಾಂಗಣದ ಮರದ ನೆಲದಲ್ಲಿ ಟ್ರಯಲ್ ಇದ್ದರೆ ಸಿಮೆಂಟ್ ಕೋರ್ಟಿನ ಸವೆದ ಶೂ ಜಾರುತ್ತದೆ, ಬೇರೆ ಜೋಡಿ ಒಯ್ಯಿರಿ.

ಮೊದಲ ಕಾಂಟ್ರಾಕ್ಟ್

ಲೀಗ್ ತಂಡವೋ ವಿದೇಶಿ ಕ್ಲಬ್ಬೋ ಕಾಗದ ಮುಂದಿಟ್ಟಾಗ ಖುಷಿಯಲ್ಲಿ ಕೊನೆಯ ಪುಟಕ್ಕೆ ಹೋಗಿ ಸಹಿ ಮಾಡುತ್ತೇವೆ. ಸ್ವಲ್ಪ ತಡೆಯಿರಿ. ಗಾಯವಾದರೆ ಸಂಬಳ ಮುಂದುವರಿಯುತ್ತದೆಯೇ? ಆಪರೇಷನ್ ಖರ್ಚು ಯಾರದ್ದು? ಮಧ್ಯದಲ್ಲಿ ಕೈಬಿಟ್ಟರೆ ಉಳಿದ ತಿಂಗಳ ಹಣ ಬರುತ್ತದೆಯೇ? ಮನೆ, ವಿಮಾನ ಟಿಕೆಟ್ ಬರಹದಲ್ಲಿ ಇದೆಯೇ? ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ವಿದೇಶಿ ಕ್ಲಬ್ ಆದರೆ ಇನ್ನೊಂದು ಸಾಲು ಹುಡುಕಿ. ತಕರಾರು ಬಂದರೆ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಯಾದ ಬಿಎಟಿಗೆ ಹೋಗಬಹುದು ಅನ್ನುವ ಷರತ್ತು. ಈ ವ್ಯವಸ್ಥೆ 2007ರಲ್ಲಿ ಶುರುವಾದದ್ದು, ಕೇಂದ್ರ ಜಿನೀವಾ. ಅದು ಹೇಳಿದ ಹಣ ಕೊಡದ ಕ್ಲಬ್ಬಿಗೆ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ಫೀಬಾ ತಡೆ ಹಾಕಬಲ್ಲದು. ಆದರೆ ಆ ಸಾಲು ಕಾಂಟ್ರಾಕ್ಟಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಪರದೇಶದ ಕೋರ್ಟು ಕಚೇರಿ ಅಲೆಯಬೇಕು. ಹೊರಡುವ ಮೊದಲು ನಮ್ಮ ಫೆಡರೇಷನ್‌ನಿಂದ ಅನುಮತಿ ಪತ್ರ ಬೇಕು. 18 ತುಂಬದವರು ಬೇರೆ ದೇಶದ ಕ್ಲಬ್ ಸೇರಲು ಫೀಬಾ ಸಾಮಾನ್ಯವಾಗಿ ಬಿಡುವುದೇ ಇಲ್ಲ. ಈಗಾಗಲೇ ಕೆಲಸದಲ್ಲಿದ್ದರೆ ಇಲಾಖೆಯ ಎನ್‌ಒಸಿಯೂ ಬೇಕು, ಅದಕ್ಕೆ ಅರ್ಜಿ ಬೇಗ ಹಾಕಿ. ಏಜೆಂಟ್ ಇಟ್ಟುಕೊಂಡರೆ ಫೀಬಾ ಲೈಸೆನ್ಸ್ ಇದೆಯೇ ನೋಡಿ. ಎನ್‌ಬಿಎ ಕಾಂಟ್ರಾಕ್ಟುಗಳಲ್ಲಿ ಏಜೆಂಟ್ ಪಾಲು ಶೇ. 4 ದಾಟುವಂತಿಲ್ಲ. ಅರ್ಧ ಕೇಳುವವನು ಏಜೆಂಟ್ ಅಲ್ಲ, ಬಡ್ಡಿ ಸಾಹುಕಾರ.

ಮೊಣಕಾಲು ಮತ್ತು ಔಷಧಿ ಡಬ್ಬಿ

ಜಿಗಿದು ಇಳಿಯುವ ಆಟ ಇದು. ಪಾದದ ಕೀಲು ಉಳುಕುವುದು ಮಾಮೂಲು, ಆದರೆ ಮಾಮೂಲು ಅಂತ ಎಣ್ಣೆ ಹಚ್ಚಿ ಮೂರನೇ ದಿನಕ್ಕೆ ಆಡಿಸಬೇಡಿ. ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದರೆ ಆಪರೇಷನ್ ಆಗಿ ವಾಪಸ್ ಬರಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಹುಡುಗಿಯರಿಗೆ ಈ ಗಾಯದ ಅಪಾಯ ಹುಡುಗರಿಗಿಂತ ಜಾಸ್ತಿ. ಎರಡೂ ಕಾಲಿನಲ್ಲಿ, ಮಂಡಿ ಒಳಕ್ಕೆ ವಾಲದಂತೆ ಇಳಿಯುವುದನ್ನು 12ನೇ ವಯಸ್ಸಿನಿಂದಲೇ ಕಲಿಸಬೇಕು.

ಸತ್ನಾಮ್ ಕಥೆಯ ಉಳಿದ ಭಾಗ ಇಲ್ಲಿಗೆ ಸೇರುತ್ತದೆ. 2019ರ ಕೊನೆಯಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, 2020ರಲ್ಲಿ ಎರಡು ವರ್ಷದ ನಿಷೇಧ ಖಚಿತವಾಯಿತು. 2021ರಲ್ಲಿ ಅವರು ಅಮೆರಿಕದ ಕುಸ್ತಿ ಮನರಂಜನೆಯ ಕಂಪನಿಯೊಂದನ್ನು ಸೇರಿದರು. ಜಿಮ್‌ನವರು ಕೊಟ್ಟ ಪುಡಿ, ಕೆಮ್ಮಿನ ಸಿರಪ್, ಗಿಡಮೂಲಿಕೆ ಕ್ಯಾಪ್ಸೂಲ್, ಯಾವುದರಲ್ಲಿ ಏನಿದೆಯೋ. ಮೈಯಲ್ಲಿ ಸಿಕ್ಕ ಮೇಲೆ "ಗೊತ್ತಿರಲಿಲ್ಲ" ಅನ್ನುವುದು ಹೆಚ್ಚು ಉಪಯೋಗಕ್ಕೆ ಬರಲ್ಲ. ದೇಶದ ಡೋಪಿಂಗ್ ತಡೆ ಸಂಸ್ಥೆಯಾದ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಹೋದ ವರ್ಷದ ಧೈರ್ಯ ಈ ವರ್ಷಕ್ಕೆ ನಡೆಯದು. ಸಪ್ಲಿಮೆಂಟ್ ಪುಡಿ ಬಗ್ಗೆ ನನ್ನ ಸಲಹೆ ಹಳ್ಳಿಯವರದ್ದು: ಮೊಟ್ಟೆ, ಹಾಲು, ರಾಗಿ ಮುದ್ದೆ, ಕಾಳು ಸಾರು. ಹದಿನೇಳರ ಹುಡುಗನಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಹೆಣ್ಣುಮಕ್ಕಳ ಮನೆಯವರಿಗೆ

ಭಾರತ ಮಹಿಳಾ ತಂಡ 2017ರಲ್ಲಿ ಇದೇ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದಿತು. ಗೀತು ಅನ್ನಾ ಜೋಸ್ 2006ರಲ್ಲೇ ಆಸ್ಟ್ರೇಲಿಯಾದ ಕ್ಲಬ್ಬಿಗೆ ಆಡಿ ಬಂದವರು, 2011ರಲ್ಲಿ ಅಮೆರಿಕದ ಮಹಿಳಾ ಲೀಗಾದ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್‌ಗೂ ಹೋಗಿದ್ದರು. ಅನಿತಾ ಪಾಲ್‌ದುರೈ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇಬ್ಬರೂ ರೈಲ್ವೆಯವರು. ನಿಜ ಹೇಳಬೇಕೆಂದರೆ, ಕೆಲಸದ ದೃಷ್ಟಿಯಿಂದ ನೋಡಿದರೆ ಚೆನ್ನಾಗಿ ಆಡುವ ಹುಡುಗಿಗೆ ಪೈಪೋಟಿ ಹುಡುಗರಿಗಿಂತ ಕಡಿಮೆ. ಆದರೂ ಎಸ್ಸೆಸ್ಸೆಲ್ಸಿ ಬಂತು ಅಂತ ಮೊದಲು ಬಿಡಿಸುವುದು ಅವಳನ್ನೇ.

ಮೂವತ್ತಾದ ಮೇಲೆ

ಕಾಲು ಮಾತು ಕೇಳದ ದಿನ ಎಲ್ಲರಿಗೂ ಬರುತ್ತದೆ. ಕೆಲಸ ಇದ್ದವರಿಗೆ ಅವತ್ತು ಬೇಸರ ಇರುತ್ತದೆ, ಭಯ ಇರಲ್ಲ. ಕೋಚ್ ಆಗಬೇಕೆಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಮಾಡಿ. ಶಾಲೆ, ಇಲಾಖೆ ಎಲ್ಲ ಕಡೆ ಅದನ್ನು ಕೇಳುತ್ತಾರೆ. ರೆಫರಿ ಆಗುವುದು ಇನ್ನೊಂದು ದಾರಿ. ಆಡುತ್ತಿರುವಾಗಲೇ ರಾಜ್ಯ ಮಟ್ಟದ ಪರೀಕ್ಷೆ ಬರೆದಿಟ್ಟುಕೊಳ್ಳಿ, ಫೀಬಾ ಲೈಸೆನ್ಸ್‌ವರೆಗೂ ಮೇಲೆ ಹೋಗಬಹುದು. ನಾನು ವಿಷಲ್ ಹಿಡಿದದ್ದು 31ಕ್ಕೆ. ಮೊದಲ ಮ್ಯಾಚಿನಲ್ಲೇ ನನ್ನ ಹಳೇ ತಂಡದ ಗೆಳೆಯನಿಗೆ ಐದನೇ ಫೌಲ್ ಕೊಟ್ಟು ಹೊರಗೆ ಕಳಿಸಿದೆ. ಅವನು ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ.